ಇನ್‌ಹೆರಿಟ್ ಮಾಡಿದ ಕಂಟ್ರೋಲ್‌ಗೆ ಲೈಸೆನ್ಸ್ ತಪಾಸಣೆ: ಡಾಟ್‌ನೆಟ್‌ನ ಲೈಸೆನ್ಸ್‌ಮ್ಯಾನೇಜರನ್ನು ಎಷ್ಟು ನಂಬಬಹುದು?

ದಾವಣಗೆರೆ ಎಪಿಎಂಸಿ ಯಾರ್ಡಿನ ದಲಾಲಿ ಅಂಗಡಿ ಇರಲಿ, ಚಳ್ಳಕೆರೆಯ ಎಣ್ಣೆ ಮಿಲ್ಲಿನ ಆಫೀಸ್ ಇರಲಿ, ಬಿಲ್ ಹಾಕುವ ಕಂಪ್ಯೂಟರಿನಲ್ಲಿ ಮೈಕ್ರೋಸಾಫ್ಟಿನ ಡಾಟ್‌ನೆಟ್‌ನ ವಿಂಡೋಸ್ ಫಾರ್ಮ್ಸ್‌ನಲ್ಲಿ ಬರೆದ ಸಾಫ್ಟ್‌ವೇರ್ ಇವತ್ತಿಗೂ ಓಡುತ್ತಿರುತ್ತದೆ. ಇಂಥ ಸಾಫ್ಟ್‌ವೇರ್ ಬರೆಯುವ ಸಣ್ಣ ತಂಡದ ಕೈಯಲ್ಲಿ ನಿಜವಾಗಿ ಬೆಲೆಬಾಳುವುದು ಇಡೀ ಪ್ರೋಗ್ರಾಮ್ ಅಲ್ಲ, ಅದರೊಳಗಿನ ಒಂದೆರಡು ಕಂಟ್ರೋಲ್‌ಗಳು, ಅಂದರೆ ಪರದೆಯ ಮೇಲೆ ಕೂರುವ ಬಿಡಿಭಾಗಗಳು. ಚೀಲದ ಲೆಕ್ಕ, ತೂಕ, ಹಮಾಲಿ, ಕಮಿಷನ್ ಎಲ್ಲವನ್ನೂ ಒಂದೇ ಸಾಲಿನಲ್ಲಿ ಕೂಡಿಸಿ ಕಳೆದು ತೋರಿಸುವ ಗ್ರಿಡ್ ಅಂಥದ್ದು. ಅದನ್ನು ಬೇರೆ ಡೆವಲಪರ್‌ಗಳಿಗೆ ಮಾರಬೇಕು, ಆದರೆ ದುಡ್ಡು ಕೊಡದವರು ಬಳಸಬಾರದು ಎಂದಾಗ ಮೊದಲು ಕೈಗೆ ಸಿಗುವ ಸಾಧನ ಡಾಟ್‌ನೆಟ್‌ನಲ್ಲೇ ಇರುವ ಲೈಸೆನ್ಸ್‌ಮ್ಯಾನೇಜರ್. 2002ರ ಮೊದಲ ಆವೃತ್ತಿಯಿಂದಲೂ ಸಿಸ್ಟಮ್ ಡಾಟ್ ಕಾಂಪೊನೆಂಟ್‌ಮಾಡೆಲ್‌ನಲ್ಲಿ ಅದು ಇದೆ. ಬೇರೆ ದುಡ್ಡಿಲ್ಲ, ಇಂಟರ್‌ನೆಟ್ ಬೇಡ, ಸರ್ವರ್ ಬೇಡ. ಈ ವಿಮರ್ಶೆ ಅದರದ್ದೇ. ನಿಮ್ಮ ಕಂಟ್ರೋಲನ್ನು ಇನ್ನೊಬ್ಬರು ಇನ್‌ಹೆರಿಟ್ ಮಾಡಿದಾಗ, ಅಂದರೆ ಅದನ್ನೇ ಬುನಾದಿಯಾಗಿಟ್ಟುಕೊಂಡು ತಮ್ಮದೊಂದು ಹೊಸ ಕಂಟ್ರೋಲ್ ಬರೆದಾಗ, ಅದು ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನೇ ಇಲ್ಲಿ ಮುಖ್ಯವಾಗಿ ನೋಡಿದ್ದೇವೆ. ಹೆಚ್ಚಿನವರು ಎಡವುವುದು ಅಲ್ಲೇ.

ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ. ಚೌಕಟ್ಟು ಗಟ್ಟಿಯಾಗಿದೆ, ಮಂಡಿ ಸಾಫ್ಟ್‌ವೇರಿಗೆ ಹೇಳಿಮಾಡಿಸಿದಂತಿದೆ. ಜೊತೆಗೆ ಬರುವ ಸಿದ್ಧ ಪ್ರೊವೈಡರ್ (ಲೈಸೆನ್ಸ್ ಇದೆಯೇ ಎಂದು ನಿಜವಾಗಿ ನೋಡುವ ಕ್ಲಾಸ್) ಮಾತ್ರ ಬಳಕೆಗೆ ಯೋಗ್ಯವಲ್ಲ. ಇನ್‌ಹೆರಿಟೆನ್ಸ್ ವಿಷಯದಲ್ಲಿ ಒಂದೇ ಒಂದು ಪದ ತಪ್ಪಿದರೆ ಇಡೀ ತಪಾಸಣೆ ಸದ್ದಿಲ್ಲದೆ ಬಿದ್ದುಹೋಗುತ್ತದೆ.

ಉದಾಹರಣೆಗೆ ಮೂಲ ಕಂಟ್ರೋಲಿಗೆ ತೂಕಗ್ರಿಡ್ ಎಂದು ಹೆಸರಿಡೋಣ. 42 ಚೀಲ, ತಲಾ 60 ಕಿಲೋ ಎಂದು ಹೊಡೆದರೆ 25 ಕ್ವಿಂಟಲ್ 20 ಕಿಲೋ ಎಂದು ಪಕ್ಕದ ಕಾಲಮ್ಮಿನಲ್ಲಿ ತಾನೇ ಬರೆದುಕೊಳ್ಳುವ ಗ್ರಿಡ್ ಅದು. ಅದನ್ನು ಕೊಂಡ ಡೆವಲಪರ್ ಮೆಕ್ಕೆಜೋಳದ ಮಂಡಿಗೆ ಜೋಳಗ್ರಿಡ್ ಎಂದು, ಚಳ್ಳಕೆರೆಯ ಗಿರಾಕಿಗೆ ಶೇಂಗಾಗ್ರಿಡ್ ಎಂದು ಅದರಿಂದಲೇ ಇನ್‌ಹೆರಿಟ್ ಮಾಡಿಕೊಳ್ಳುತ್ತಾನೆ. ಇದು ತಪ್ಪಲ್ಲ, ಕಂಟ್ರೋಲ್ ಮಾರುವುದೇ ಹೀಗೆ ಬಳಸಲಿ ಎಂದು. ಹಾಗಾದರೆ ಜೋಳಗ್ರಿಡ್‌ಗೆ ಲೈಸೆನ್ಸ್ ಕೇಳುವುದು ಯಾರು, ಯಾರ ಹೆಸರಿನಲ್ಲಿ, ಲೈಸೆನ್ಸ್ ಕೀಯನ್ನು ಎಲ್ಲಿ ಹುಡುಕುತ್ತಾರೆ?

ಮಾಮೂಲಿ ಕ್ರಮ ಇದು. ತೂಕಗ್ರಿಡ್ ಕ್ಲಾಸಿನ ನೆತ್ತಿಯ ಮೇಲೆ ಲೈಸೆನ್ಸ್‌ಪ್ರೊವೈಡರ್ ಆಟ್ರಿಬ್ಯೂಟ್ ಹಾಕಿ, ಅದಕ್ಕೆ ಪ್ರೊವೈಡರ್ ಕ್ಲಾಸಿನ ಹೆಸರು ಕೊಡಬೇಕು. ಕಂಟ್ರೋಲ್ ಹುಟ್ಟುವಾಗ ಓಡುವ ಕನ್‌ಸ್ಟ್ರಕ್ಟರಿನ ಮೊದಲ ಸಾಲಿನಲ್ಲೇ ಲೈಸೆನ್ಸ್‌ಮ್ಯಾನೇಜರ್‌ನ ವ್ಯಾಲಿಡೇಟ್ ಮೆಥಡ್ ಕರೆಯಬೇಕು. ಅದಕ್ಕೆ ಎರಡು ಆರ್ಗ್ಯುಮೆಂಟ್: ಮೊದಲನೆಯದು ಟೈಪ್, ಎರಡನೆಯದು ದಿಸ್, ಅಂದರೆ ಆಗ ಹುಟ್ಟುತ್ತಿರುವ ಇನ್‌ಸ್ಟೆನ್ಸ್. ವಾಪಸ್ ಬರುವ ಲೈಸೆನ್ಸ್ ಆಬ್ಜೆಕ್ಟನ್ನು ಒಂದು ಪ್ರೈವೇಟ್ ಫೀಲ್ಡಿನಲ್ಲಿ ಇಟ್ಟುಕೊಂಡು ಡಿಸ್ಪೋಸ್‌ನಲ್ಲಿ ಬಿಡುಗಡೆ ಮಾಡಬೇಕು. ಲೈಸೆನ್ಸ್ ಸಿಗದಿದ್ದರೆ ಲೈಸೆನ್ಸ್‌ಎಕ್ಸೆಪ್ಶನ್ ಎಂಬ ಎರರ್ ಬರುತ್ತದೆ, ಕಂಟ್ರೋಲ್ ಹುಟ್ಟುವುದೇ ಇಲ್ಲ. ಎಕ್ಸೆಪ್ಶನ್ ಬೇಡ, ಟ್ರಯಲ್ ಎಂದು ಮೇಲೆ ಪಟ್ಟಿ ತೋರಿಸಿದರೆ ಸಾಕು ಅನ್ನುವವರು ವ್ಯಾಲಿಡೇಟ್ ಬದಲು ಈಸ್‌ವ್ಯಾಲಿಡ್ ಬಳಸಬಹುದು. ಅದು ಹೌದು ಅಥವಾ ಇಲ್ಲ ಎಂದಷ್ಟೇ ಹೇಳುತ್ತದೆ.

ಆ ಮೊದಲ ಆರ್ಗ್ಯುಮೆಂಟೇ ಎಲ್ಲದರ ಬೇರು. ಅಲ್ಲಿ ಟೈಪ್‌ಆಫ್ ತೂಕಗ್ರಿಡ್ ಎಂದು ಸ್ಥಿರವಾಗಿ ಬರೆಯಬೇಕು. ಕೆಲವರು ಹೆಚ್ಚು ಜಾಣತನ ಎಂದುಕೊಂಡು ದಿಸ್ ಡಾಟ್ ಗೆಟ್‌ಟೈಪ್ ಎಂದು ಬರೆಯುತ್ತಾರೆ. ತೂಕಗ್ರಿಡ್ ಒಂದೇ ಇರುವವರೆಗೆ ಎರಡರಲ್ಲೂ ವ್ಯತ್ಯಾಸ ಕಾಣುವುದಿಲ್ಲ, ಪರೀಕ್ಷೆಯಲ್ಲೂ ಪಾಸಾಗುತ್ತದೆ. ಜೋಳಗ್ರಿಡ್ ಬಂದ ಕ್ಷಣ ಕಥೆ ಬದಲು. ಸಿ ಪ್ಲಸ್ ಪ್ಲಸ್‌ನಂತಲ್ಲ, ಡಾಟ್‌ನೆಟ್‌ನಲ್ಲಿ ಬೇಸ್ ಕನ್‌ಸ್ಟ್ರಕ್ಟರ್ ಓಡುತ್ತಿರುವಾಗಲೂ ಗೆಟ್‌ಟೈಪ್ ಕೊಡುವುದು ಮಗನ ಹೆಸರನ್ನೇ, ಅಂದರೆ ಜೋಳಗ್ರಿಡ್ ಎಂದೇ. ಲೈಸೆನ್ಸ್‌ಮ್ಯಾನೇಜರ್ ಈಗ ಜೋಳಗ್ರಿಡ್ ಮೇಲೆ ಆಟ್ರಿಬ್ಯೂಟ್ ಇದೆಯೇ ಎಂದು ನೋಡುತ್ತದೆ. ಲೈಸೆನ್ಸ್‌ಪ್ರೊವೈಡರ್ ಆಟ್ರಿಬ್ಯೂಟನ್ನು ಇನ್‌ಹೆರಿಟೆಡ್ ಫಾಲ್ಸ್ ಎಂದೇ ಘೋಷಿಸಿದ್ದಾರೆ, ಅದು ಅಪ್ಪನಿಂದ ಮಗನಿಗೆ ಇಳಿಯುವುದಿಲ್ಲ. ಆಟ್ರಿಬ್ಯೂಟ್ ಇಲ್ಲ, ಹಾಗಾಗಿ ಪ್ರೊವೈಡರ್ ಇಲ್ಲ. ಪ್ರೊವೈಡರ್ ಇಲ್ಲದ ಟೈಪಿಗೆ ಲೈಸೆನ್ಸೇ ಬೇಕಿಲ್ಲ ಎಂದು ತೀರ್ಮಾನವಾಗುತ್ತದೆ. ವ್ಯಾಲಿಡೇಟ್ ಎಕ್ಸೆಪ್ಶನ್ ಎಸೆಯುವುದಿಲ್ಲ, ನಲ್ ವಾಪಸ್ ಕೊಟ್ಟು ಸುಮ್ಮನಾಗುತ್ತದೆ. ಅಂದರೆ ಒಳಗೆ ಏನೂ ಬರೆಯದೆ ಒಂದು ಸಾಲಿನಲ್ಲಿ ಖಾಲಿ ಕ್ಲಾಸನ್ನು ತೂಕಗ್ರಿಡ್‌ನಿಂದ ಇನ್‌ಹೆರಿಟ್ ಮಾಡಿದರೆ ಸಾಕು, ಲೈಸೆನ್ಸ್ ಇಲ್ಲದೆ ಪೂರ್ತಿ ಗ್ರಿಡ್ ಕೈಗೆ ಬರುತ್ತದೆ. ಕ್ರ್ಯಾಕ್ ಬೇಡ, ಡಿಕಂಪೈಲರ್ ಬೇಡ.

ಇಲ್ಲೇ ಇನ್ನೊಂದು ಸೂಕ್ಷ್ಮ ಇದೆ. ವ್ಯಾಲಿಡೇಟ್‌ಗೆ ಎರಡನೇ ಆರ್ಗ್ಯುಮೆಂಟ್ ಕೊಡದೆ ಟೈಪ್ ಒಂದನ್ನೇ ಕೊಡುವ ರೂಪವೂ ಉಂಟು. ಆ ರೂಪದಲ್ಲಿ ಲೈಸೆನ್ಸ್‌ಮ್ಯಾನೇಜರ್ ಟೈಪಿನಿಂದ ಶುರುಮಾಡಿ ಬೇಸ್ ಟೈಪುಗಳ ಮೇಲೆ ಒಂದೊಂದಾಗಿ ಹತ್ತುತ್ತಾ ಹೋಗುತ್ತದೆ, ಪ್ರತಿಯೊಂದರ ಮೇಲೂ ಆಟ್ರಿಬ್ಯೂಟ್ ಹುಡುಕುತ್ತದೆ. ಜೋಳಗ್ರಿಡ್ ಕೊಟ್ಟರೂ ತೂಕಗ್ರಿಡ್‌ವರೆಗೆ ಹೋಗಿ ಸರಿಯಾಗಿ ಕೇಳುತ್ತದೆ. ಇನ್‌ಸ್ಟೆನ್ಸ್ ಕೊಟ್ಟಾಗ ಮಾತ್ರ ಈ ಹತ್ತುವಿಕೆ ನಿಂತುಬಿಡುತ್ತದೆ. ಕಾರಣವೂ ಸಮಂಜಸವೇ: ಇನ್‌ಸ್ಟೆನ್ಸ್ ಹುಟ್ಟುವಾಗ ಸರಪಳಿಯ ಪ್ರತಿ ಕನ್‌ಸ್ಟ್ರಕ್ಟರೂ ತನ್ನ ಟೈಪಿನ ಲೆಕ್ಕ ತಾನೇ ಕೇಳಿಕೊಳ್ಳಲಿ ಎಂದು. ಟೈಪ್ ಒಂದೇ ಕೊಟ್ಟಾಗ ಲೈಸೆನ್ಸ್ ಆಬ್ಜೆಕ್ಟ್ ಕೈಗೆ ಸಿಗುವುದಿಲ್ಲ, ಏಕೆಂದರೆ ಅದು ಒಂದಕ್ಕಿಂತ ಹೆಚ್ಚು ಪ್ರೊವೈಡರ್‌ಗಳಿಂದ ಬಂದಿರಬಹುದು. ಆದ್ದರಿಂದ ಕನ್‌ಸ್ಟ್ರಕ್ಟರಿನಲ್ಲಿ ಟೈಪ್‌ಆಫ್ ಮತ್ತು ದಿಸ್ ಎರಡೂ ಇರುವ ರೂಪವೇ ಸರಿ. ಆಗ ಜೋಳಗ್ರಿಡ್ ಆಗಲಿ ಶೇಂಗಾಗ್ರಿಡ್ ಆಗಲಿ, ಬೇಸ್ ಕನ್‌ಸ್ಟ್ರಕ್ಟರ್ ದಾಟದೆ ಹುಟ್ಟುವಂತಿಲ್ಲ. ಪ್ರತಿ ಸಲವೂ ತೂಕಗ್ರಿಡ್ ಹೆಸರಿನಲ್ಲೇ ಲೈಸೆನ್ಸ್ ಕೇಳಲಾಗುತ್ತದೆ. ನಮಗೆ ಈ ವಿನ್ಯಾಸ ಬಹಳ ಹಿಡಿಸಿತು. ಎರಡು ಸಾಲಿನಲ್ಲಿ ಇಡೀ ವಂಶಕ್ಕೆ ಕಾವಲು ಸಿಗುತ್ತದೆ.

ಇನ್ನು ಕೀ ಎಲ್ಲಿಂದ ಬರುತ್ತದೆ ಎಂಬ ಮಾತು. ಡಿಸೈನ್ ಸಮಯದಲ್ಲಿ, ಅಂದರೆ ಡೆವಲಪರ್ ವಿಷುಯಲ್ ಸ್ಟುಡಿಯೋದಲ್ಲಿ ಗ್ರಿಡ್ಡನ್ನು ಫಾರ್ಮ್ ಮೇಲೆ ಎಳೆದು ಹಾಕಿದಾಗ, ಪ್ರೊವೈಡರ್ ಅವನ ಕಂಪ್ಯೂಟರಿನಲ್ಲಿರುವ ಲೈಸೆನ್ಸ್ ಫೈಲನ್ನೋ ರಿಜಿಸ್ಟ್ರಿಯನ್ನೋ ನೋಡುತ್ತದೆ. ಬಿಲ್ಡ್ ಮಾಡುವಾಗ ಎಲ್‌ಸಿ ಎಂಬ ಲೈಸೆನ್ಸ್ ಕಂಪೈಲರ್ ಪ್ರಾಜೆಕ್ಟಿನ ಲೈಸೆನ್ಸಸ್ ಡಾಟ್ ಲಿಕ್ಸ್ ಫೈಲನ್ನು ಓದಿ, ಅದರಲ್ಲಿ ಬರೆದ ಪ್ರತಿ ಟೈಪಿನ ಒಂದು ಇನ್‌ಸ್ಟೆನ್ಸನ್ನು ನಿಜವಾಗಿಯೇ ಸೃಷ್ಟಿಸಿ, ಆಗ ಸಿಕ್ಕ ಕೀಗಳನ್ನು, ಪ್ರೋಗ್ರಾಮಿನ ಹೆಸರು ಮಂಡಿಬಿಲ್ ಎಂದಿದ್ದರೆ, ಮಂಡಿಬಿಲ್ ಡಾಟ್ ಇಎಕ್ಸ್‌ಇ ಡಾಟ್ ಲೈಸೆನ್ಸಸ್ ಎಂಬ ರಿಸೋರ್ಸ್ ಆಗಿ ಪ್ರೋಗ್ರಾಮಿನ ಹೊಟ್ಟೆಯೊಳಗೆ ಇಡುತ್ತದೆ. ಮಂಡಿಯ ಕಂಪ್ಯೂಟರಿನಲ್ಲಿ ಓಡುವಾಗ ಕೀ ಸಿಗುವುದು ಆ ಹೊಟ್ಟೆಯಿಂದ. ದಲಾಲಿ ಅಂಗಡಿಯವರು ಯಾವ ನಂಬರನ್ನೂ ಹೊಡೆಯಬೇಕಿಲ್ಲ, ನೆಟ್ ಇಲ್ಲದಿದ್ದರೂ ಬಿಲ್ ನಿಲ್ಲುವುದಿಲ್ಲ. ಯಾರ್ಡಿನಲ್ಲಿ ಹರಾಜು ಮುಗಿದು ಬಿಲ್ಲಿಗೆ ರೈತರು ಸಾಲು ನಿಂತ ಹೊತ್ತಿನಲ್ಲಿ ಲೈಸೆನ್ಸ್ ಸರ್ವರ್ ಸಿಗುತ್ತಿಲ್ಲ ಎಂಬ ಮೆಸೇಜ್ ಬರುವ ಪ್ರಶ್ನೆಯೇ ಇಲ್ಲ. ಈ ಒಂದು ಕಾರಣಕ್ಕೇ ನಮ್ಮ ಕಡೆಯ ಕೆಲಸಕ್ಕೆ ಇದು ಆನ್‌ಲೈನ್ ಆಕ್ಟಿವೇಶನ್‌ಗಿಂತ ಮೇಲು.

ಆದರೆ ಕೀ ಹುಡುಕುವುದು ಎಂಟ್ರಿ ಅಸೆಂಬ್ಲಿಯಲ್ಲಿ, ಅಂದರೆ ಶುರುವಾದ ಇಎಕ್ಸ್‌ಇಯಲ್ಲಿ. ಇನ್‌ಹೆರಿಟ್ ಮಾಡಿದವರಿಗೆ ಹೊಡೆತ ಬೀಳುವುದು ಇಲ್ಲಿ. ಜೋಳಗ್ರಿಡ್ಡನ್ನು ಮಂಡಿಕಂಟ್ರೋಲ್ಸ್ ಎಂಬ ಬೇರೆ ಡಿಎಲ್‌ಎಲ್ ಪ್ರಾಜೆಕ್ಟಿನಲ್ಲಿ ಬರೆದಿದ್ದಾರೆ ಎಂದುಕೊಳ್ಳಿ. ಲಿಕ್ಸ್ ಫೈಲ್ ಆ ಪ್ರಾಜೆಕ್ಟಿನಲ್ಲಿ ಮಾತ್ರ ಇದ್ದರೆ ಕೀ ಹೋಗಿ ಕೂರುವುದು ಡಿಎಲ್‌ಎಲ್ ಒಳಗೆ. ಬಿಲ್ಡ್ ಸರಿಯಾಗಿ ಆಗುತ್ತದೆ, ಡೆವಲಪರನ ಕಂಪ್ಯೂಟರಿನಲ್ಲಿ ಲೈಸೆನ್ಸ್ ಫೈಲ್ ಇರುವುದರಿಂದ ಓಡುವುದೂ ಸರಿಯಾಗಿಯೇ ಓಡಬಹುದು. ಗಿರಾಕಿಯ ಕಂಪ್ಯೂಟರಿನಲ್ಲಿ ಇಎಕ್ಸ್‌ಇ ಒಳಗೆ ನೋಡಿದರೆ ಕೀ ಇಲ್ಲ, ಲೈಸೆನ್ಸ್‌ಎಕ್ಸೆಪ್ಶನ್. ಪರಿಹಾರ ಸುಲಭ: ಇಎಕ್ಸ್‌ಇ ಪ್ರಾಜೆಕ್ಟಿನಲ್ಲೂ ಒಂದು ಲೈಸೆನ್ಸಸ್ ಡಾಟ್ ಲಿಕ್ಸ್ ಇಟ್ಟು, ಬಿಲ್ಡ್ ಆ್ಯಕ್ಷನ್ ಎಂಬೆಡೆಡ್ ರಿಸೋರ್ಸ್ ಎಂದಿದೆಯೇ ನೋಡಿಕೊಂಡು, ಅದರಲ್ಲಿ ಒಂದು ಸಾಲು ಬರೆಯುವುದು. ಮೊದಲು ನೇಮ್‌ಸ್ಪೇಸ್ ಸಮೇತ ಟೈಪಿನ ಪೂರ್ತಿ ಹೆಸರು, ಅಲ್ಪವಿರಾಮ, ಆಮೇಲೆ ಅಸೆಂಬ್ಲಿಯ ಹೆಸರು. ವಿಷುಯಲ್ ಸ್ಟುಡಿಯೋ ತಾನಾಗಿ ಸೇರಿಸಿರುತ್ತದೆ ಎಂದು ನಂಬಿ ಕೂರಬೇಡಿ, ಇನ್‌ಹೆರಿಟ್ ಮಾಡಿದ ಕಂಟ್ರೋಲಿನ ವಿಷಯದಲ್ಲಂತೂ ಫೈಲ್ ತೆರೆದು ಕಣ್ಣಾರೆ ನೋಡಿ. ಸಾಲಿನಲ್ಲಿ ತೂಕಗ್ರಿಡ್ ಬರೆದರೂ ಆಗುತ್ತದೆ, ಜೋಳಗ್ರಿಡ್ ಬರೆದರೂ ಆಗುತ್ತದೆ. ಎಲ್‌ಸಿ ಜೋಳಗ್ರಿಡ್ಡನ್ನು ಸೃಷ್ಟಿಸಲು ಹೋದಾಗ ಬೇಸ್ ಕನ್‌ಸ್ಟ್ರಕ್ಟರ್ ಓಡಿ ತೂಕಗ್ರಿಡ್ ಹೆಸರಿನಲ್ಲೇ ಕೀ ದಾಖಲಾಗುತ್ತದೆ. ನಾವು ತೂಕಗ್ರಿಡ್ ಬರೆಯಿರಿ ಎನ್ನುತ್ತೇವೆ, ಕಾರಣ ಮುಂದಿನ ಮಾತಿನಲ್ಲಿದೆ.

ಎಲ್‌ಸಿ ನಿಜವಾದ ಇನ್‌ಸ್ಟೆನ್ಸ್ ಸೃಷ್ಟಿಸುತ್ತದೆ ಎಂಬುದನ್ನು ಮರೆತವರು ಕನ್‌ಸ್ಟ್ರಕ್ಟರಿನಲ್ಲೇ ಡೇಟಾಬೇಸ್ ಕನೆಕ್ಷನ್ ತೆರೆಯುತ್ತಾರೆ, ತೂಕದ ಯಂತ್ರದ ಕಾಮ್ ಪೋರ್ಟ್ ತೆರೆಯುತ್ತಾರೆ. ಬಿಲ್ಡ್ ಮಾಡುವ ಕಂಪ್ಯೂಟರಿಗೆ ಕಾಟಾ ಎಲ್ಲಿಂದ ಬರಬೇಕು? ಕನ್‌ಸ್ಟ್ರಕ್ಟರ್ ಅಲ್ಲೇ ಬೀಳುತ್ತದೆ, ಎಲ್‌ಸಿ ಮೈನಸ್ 1 ಕೋಡಿನೊಂದಿಗೆ ಹೊರಬರುತ್ತದೆ, ಮೆಸೇಜಿನಲ್ಲಿ ಕಾಮ್ ಪೋರ್ಟಿನ ಸುಳಿವೂ ಇಲ್ಲದಿರಬಹುದು. ಕನ್‌ಸ್ಟ್ರಕ್ಟರಿನೊಳಗೆ ಲೈಸೆನ್ಸ್‌ಮ್ಯಾನೇಜರ್‌ನ ಯೂಸೇಜ್‌ಮೋಡ್ ಡಿಸೈನ್‌ಟೈಮ್ ಎಂದಿದ್ದರೆ ಇಂಥ ಕೆಲಸ ಮಾಡದೆ ಹಿಂತಿರುಗಿಬಿಡಿ. ಡಿಸೈನ್‌ಮೋಡ್ ಪ್ರಾಪರ್ಟಿಯನ್ನು ನಂಬಿ ಫಲವಿಲ್ಲ, ಕನ್‌ಸ್ಟ್ರಕ್ಟರ್ ಓಡುವಾಗ ಸೈಟ್ (ಕಂಟ್ರೋಲನ್ನು ಡಿಸೈನರಿಗೆ ಜೋಡಿಸುವ ಕೊಂಡಿ) ಇನ್ನೂ ಸಿಕ್ಕಿರುವುದಿಲ್ಲವಾದ್ದರಿಂದ ಅದು ಯಾವಾಗಲೂ ಫಾಲ್ಸ್ ಎನ್ನುತ್ತದೆ. ಯೂಸೇಜ್‌ಮೋಡ್ ಇದಕ್ಕೆ ತಿರುಗುಮುರುಗು: ಕನ್‌ಸ್ಟ್ರಕ್ಟರಿನಲ್ಲಿ ಮಾತ್ರ ಸರಿ ಹೇಳುತ್ತದೆ, ಆಮೇಲೆ ಲೋಡ್ ಇವೆಂಟಿನಲ್ಲಿ ಕೇಳಿದರೆ ಡಿಸೈನರ್ ಒಳಗಿದ್ದರೂ ರನ್‌ಟೈಮ್ ಎನ್ನುತ್ತದೆ. ಬೇಕಿದ್ದರೆ ಹುಟ್ಟುವಾಗಲೇ ಒಂದು ಫೀಲ್ಡಿಗೆ ಬರೆದಿಟ್ಟುಕೊಳ್ಳಿ.

ಅದೇ ಮೈನಸ್ 1 ಬರುವುದಕ್ಕೆ ಇನ್ನೊಂದು ಸಾಮಾನ್ಯ ಕಾರಣ ಲಿಕ್ಸ್ ಸಾಲಿನಲ್ಲಿ ಹಳೆಯ ವರ್ಶನ್ ನಂಬರ್ ಉಳಿದಿರುವುದು, ಅಥವಾ ನೇಮ್‌ಸ್ಪೇಸ್ ಬದಲಾಗಿರುವುದು. ಎಲ್‌ಸಿ 0003 ಎಂಬ ಎರರ್ ಕಂಡರೆ ಟೈಪ್ ಸಿಗಲಿಲ್ಲ ಎಂದೇ ಅರ್ಥ. ವರ್ಶನ್, ಕಲ್ಚರ್, ಪಬ್ಲಿಕ್‌ಕೀಟೋಕನ್ ಇವನ್ನೆಲ್ಲ ತೆಗೆದು ಟೈಪ್ ಮತ್ತು ಅಸೆಂಬ್ಲಿ ಹೆಸರನ್ನು ಮಾತ್ರ ಬಿಟ್ಟರೆ ಈ ತಲೆನೋವು ಬಹುತೇಕ ಹೋಗುತ್ತದೆ. ಲಿಕ್ಸ್ ಫೈಲನ್ನೇ ಖಾಲಿ ಮಾಡಿದರೂ ಬಿಲ್ಡ್ ಆಗುತ್ತದೆ, ಹಾಗೆ ಮಾಡಿ ಕಳಿಸಿದವರ ಪ್ರೋಗ್ರಾಮು ಗಿರಾಕಿಯ ಅಂಗಡಿಯಲ್ಲಿ ನಿಲ್ಲುತ್ತದೆ.

ವರ್ಶನ್ ಮಾತು ಬಂದಿತಲ್ಲ, ಅದರಲ್ಲಿ ಇನ್ನೂ ಆಳವಾದ ತೊಡಕು ಇದೆ. ಹೊಟ್ಟೆಯೊಳಗಿನ ಕೀಗಳ ಪಟ್ಟಿಯಲ್ಲಿ ಪ್ರತಿ ಕೀಗೂ ವಿಳಾಸ ಅಸೆಂಬ್ಲಿ‌ಕ್ವಾಲಿಫೈಡ್‌ನೇಮ್, ಅಂದರೆ ವರ್ಶನ್ ನಂಬರ್ ಸಮೇತ ಪೂರ್ತಿ ಹೆಸರು. ತೂಕಗ್ರಿಡ್ ಇರುವ ತೂಕ ಡಾಟ್ ಡಿಎಲ್‌ಎಲ್‌ನಲ್ಲಿ ಒಂದು ಸಣ್ಣ ದೋಷ ಸರಿಪಡಿಸಿ, ಅಸೆಂಬ್ಲಿವರ್ಶನ್ನನ್ನು 1.2.0.0ಯಿಂದ 1.3.0.0ಗೆ ಏರಿಸಿ, ಪೆನ್‌ಡ್ರೈವಿನಲ್ಲಿ ಒಯ್ದು, ಹಳೆಯ ವರ್ಶನ್ ಕೇಳಿದರೆ ಹೊಸದನ್ನು ಕೊಡು ಎನ್ನುವ ಬೈಂಡಿಂಗ್ ರೀಡೈರೆಕ್ಟ್ ಹಾಕಿ ಡಿಎಲ್‌ಎಲ್ ಒಂದನ್ನೇ ಬದಲಿಸಿದರೆ ಪ್ರೋಗ್ರಾಮ್ ಲೋಡ್ ಆಗುತ್ತದೆ, ಲೈಸೆನ್ಸ್ ಮಾತ್ರ ಸಿಗುವುದಿಲ್ಲ. ಕೀ 1.2ರ ವಿಳಾಸದಲ್ಲಿದೆ, ಕೇಳುತ್ತಿರುವುದು 1.3. ಆದ್ದರಿಂದ ಕಂಟ್ರೋಲ್ ಮಾರುವವರು ಅಸೆಂಬ್ಲಿವರ್ಶನ್ನನ್ನು ದೊಡ್ಡ ಬಿಡುಗಡೆಗೆ ಮಾತ್ರ ಬದಲಿಸಬೇಕು, ಸಣ್ಣ ತಿದ್ದುಪಡಿಗೆ ಫೈಲ್‌ವರ್ಶನ್ ಸಾಕು. ಇದು ಮೈಕ್ರೋಸಾಫ್ಟಿನ ವಿನ್ಯಾಸದಲ್ಲಿ ನಮಗೆ ಹಿಡಿಸದ ಭಾಗ. ಫೀಲ್ಡಿನಲ್ಲಿ ಡಿಎಲ್‌ಎಲ್ ಬದಲಿಸುವುದು ನಮ್ಮ ಕಡೆ ದಿನನಿತ್ಯದ ಕೆಲಸ.

ಸಿದ್ಧ ಪ್ರೊವೈಡರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಲಿಕ್‌ಫೈಲ್‌ಲೈಸೆನ್ಸ್‌ಪ್ರೊವೈಡರ್ ಡಿಎಲ್‌ಎಲ್ ಪಕ್ಕದಲ್ಲಿ ಟೈಪಿನ ಹೆಸರಿನದೇ ಒಂದು ಡಾಟ್ ಲಿಕ್ ಫೈಲ್ ಇದೆಯೇ ನೋಡುತ್ತದೆ. ಅದರ ಮೊದಲ ಸಾಲು ಟೈಪಿನ ಪೂರ್ತಿ ಹೆಸರು, ಮುಂದೆ "ಈಸ್ ಎ ಲೈಸೆನ್ಸ್ಡ್ ಕಾಂಪೊನೆಂಟ್" ಎಂಬ ಇಂಗ್ಲಿಷ್ ವಾಕ್ಯದಿಂದ ಶುರುವಾದರೆ ಮುಗಿಯಿತು, ಲೈಸೆನ್ಸ್ ಇದೆ ಎಂದರ್ಥ. ನೋಟ್‌ಪ್ಯಾಡಿನಲ್ಲಿ ಯಾರು ಬೇಕಾದರೂ ಬರೆಯಬಹುದು. ದಾವಣಗೆರೆಯ ಬಿಐಇಟಿ, ಯುಬಿಡಿಟಿ ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಪ್ರಾಜೆಕ್ಟಿನಲ್ಲಿ ಈ ವ್ಯವಸ್ಥೆ ಅರ್ಥಮಾಡಿಕೊಳ್ಳಲು ಇದನ್ನು ಬಳಸಲಿ, ಚೆನ್ನಾಗಿದೆ. ದುಡ್ಡಿಗೆ ಮಾರುವ ಕಂಟ್ರೋಲಿಗೆ ಬೇಡ.

ಬದಲಿಗೆ ಲೈಸೆನ್ಸ್‌ಪ್ರೊವೈಡರ್‌ನಿಂದ ನಿಮ್ಮದೇ ಕ್ಲಾಸ್ ಬರೆದು ಗೆಟ್‌ಲೈಸೆನ್ಸ್ ಮೆಥಡ್ ಓವರ್‌ರೈಡ್ ಮಾಡಿ. ಕೀಯ ಪಠ್ಯದಲ್ಲಿ ಕೊಂಡವರ ಹೆಸರು, ತೂಕಗ್ರಿಡ್‌ನ ಟೈಪ್ ಹೆಸರು, ದೊಡ್ಡ ವರ್ಶನ್ ಸಂಖ್ಯೆ ಇರಲಿ, ಕೊನೆಗೆ ಡಿಜಿಟಲ್ ಸಹಿ ಇರಲಿ. ಖಾಸಗಿ ಕೀ ನಿಮ್ಮ ಕಂಪ್ಯೂಟರ್ ಬಿಟ್ಟು ಹೋಗಬಾರದು, ಡಿಎಲ್‌ಎಲ್‌ನಲ್ಲಿ ಸಾರ್ವಜನಿಕ ಕೀ ಮಾತ್ರ. ಆರ್‌ಎಸ್‌ಎ 2048 ಬಳಸಿದರೆ ಸಹಿ 256 ಬೈಟ್, ಬೇಸ್64ರಲ್ಲಿ 344 ಅಕ್ಷರ. ಇಸಿಡಿಎಸ್‌ಎ ಪಿ-256 ಆದರೆ 64 ಬೈಟ್, 88 ಅಕ್ಷರ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ ಕಾಪಿ ಮಾಡಿಸುವಂತಿದ್ದರೆ ಎರಡನೆಯದೇ ಅನುಕೂಲ. ಡಿಸೈನ್ ಸಮಯದಲ್ಲಿ ಫೈಲಿನಿಂದ ಓದಿ, ಸಹಿ ಪರೀಕ್ಷಿಸಿ, ಗೆಟ್‌ಲೈಸೆನ್ಸ್‌ಗೆ ಬಂದ ಕಾಂಟೆಕ್ಸ್ಟ್‌ನ ಸೆಟ್‌ಸೇವ್ಡ್‌ಲೈಸೆನ್ಸ್‌ಕೀ ತಪ್ಪದೆ ಕರೆಯಿರಿ. ಅದನ್ನು ಬಿಟ್ಟರೆ ಎಲ್‌ಸಿ ಖಾಲಿ ಕೈಯಲ್ಲಿ ಹಿಂತಿರುಗುತ್ತದೆ. ರನ್‌ಟೈಮಿನಲ್ಲಿ ಗೆಟ್‌ಸೇವ್ಡ್‌ಲೈಸೆನ್ಸ್‌ಕೀಯಿಂದ ಪಡೆದು ಮತ್ತೆ ಸಹಿ ಪರೀಕ್ಷಿಸಿ.

ಈ ಗೆಟ್‌ಸೇವ್ಡ್‌ಲೈಸೆನ್ಸ್‌ಕೀಯ ಎರಡನೇ ಆರ್ಗ್ಯುಮೆಂಟ್ ಇನ್‌ಹೆರಿಟೆನ್ಸ್‌ಗೆ ಬಹಳ ಉಪಯೋಗಿ, ಅದನ್ನು ಬಳಸುವವರು ಕಡಿಮೆ. ನಲ್ ಕೊಟ್ಟರೆ ಎಂಟ್ರಿ ಅಸೆಂಬ್ಲಿಯಲ್ಲಿ ಹುಡುಕುತ್ತದೆ. ಅಲ್ಲಿ ಸಿಗದಿದ್ದಾಗ ಗೆಟ್‌ಲೈಸೆನ್ಸ್‌ಗೆ ಬಂದ ಇನ್‌ಸ್ಟೆನ್ಸ್‌ನ ಟೈಪಿನ ಅಸೆಂಬ್ಲಿಯನ್ನು, ಅಂದರೆ ಮಂಡಿಕಂಟ್ರೋಲ್ಸ್ ಡಿಎಲ್‌ಎಲ್ಲನ್ನು, ಕೊಟ್ಟು ಇನ್ನೊಮ್ಮೆ ಕೇಳಬಹುದು. ಡಿಎಲ್‌ಎಲ್ ಒಳಗೆ ಕೂತ ಕೀ ಆಗ ಸಿಗುತ್ತದೆ, ಇಎಕ್ಸ್‌ಇ ಪ್ರಾಜೆಕ್ಟಿನಲ್ಲಿ ಲಿಕ್ಸ್ ಮರೆತವರೂ ಪಾರಾಗುತ್ತಾರೆ. ಆದರೆ ಇದಕ್ಕೊಂದು ಬೆಲೆ ಇದೆ. ಜೋಳಗ್ರಿಡ್ ಇರುವ ಡಿಎಲ್‌ಎಲ್ಲನ್ನು ಮೂರನೆಯವರಿಗೆ ಹಾಗೇ ಕೊಟ್ಟರೆ ಅವರು ಡಿಸೈನರ್ ಮುಟ್ಟದೆ, ಕೋಡಿನಲ್ಲೇ ನ್ಯೂ ಜೋಳಗ್ರಿಡ್ ಎಂದು ಬರೆದು ಬಿಟ್ಟಿ ಬಳಸಬಹುದು. ತಡೆಯಬೇಕೆಂದರೆ ಕೀಯ ಪಠ್ಯದಲ್ಲಿ ಕೊಂಡವರ ಇಎಕ್ಸ್‌ಇಯ ಪಬ್ಲಿಕ್‌ಕೀಟೋಕನ್ ಸೇರಿಸಿ, ರನ್‌ಟೈಮಿನಲ್ಲಿ ಎಂಟ್ರಿ ಅಸೆಂಬ್ಲಿಯ ಟೋಕನ್‌ಗೆ ಹೋಲಿಸಿ ನೋಡಿ. ಕೊಂಡವರು ತಮ್ಮ ಇಎಕ್ಸ್‌ಇಗೆ ಸ್ಟ್ರಾಂಗ್ ನೇಮ್ ಎಂಬ ಸಹಿ ಹಾಕಬೇಕಾಗುತ್ತದೆ ಎಂಬುದನ್ನು ಮಾರುವಾಗಲೇ ಹೇಳಿ. ಐಎಲ್‌ಸ್ಪೈಯಂಥ ಡಿಕಂಪೈಲರ್‌ನಿಂದ ಡಿಎಲ್‌ಎಲ್ ಬಿಚ್ಚಿ ಕೋಡನ್ನೇ ತಿದ್ದುವವರನ್ನು ಇದು ಯಾವುದೂ ನಿಲ್ಲಿಸುವುದಿಲ್ಲ, ಪ್ರಾಮಾಣಿಕ ಡೆವಲಪರ್ ಗೊತ್ತಿಲ್ಲದೆ ತಪ್ಪು ಮಾಡುವುದನ್ನು ನಿಲ್ಲಿಸುತ್ತದೆ.

ಹೊಸ ಡಾಟ್‌ನೆಟ್‌ಗೆ ಹೋಗುವವರಿಗೆ ಎರಡು ಮಾತು. ವಿಂಡೋಸ್ ಫಾರ್ಮ್ಸ್ 2019ರಲ್ಲಿ ಡಾಟ್‌ನೆಟ್ ಕೋರ್ 3.0ಗೆ ಬಂತು, ಲೈಸೆನ್ಸ್‌ಮ್ಯಾನೇಜರೂ ಅಲ್ಲಿದೆ, ಆದರೆ ಡಾಟ್‌ನೆಟ್ ಬಿಲ್ಡ್ ಕಮಾಂಡ್ ಎಲ್‌ಸಿ ಕೆಲಸವನ್ನು ಮಾಡುವುದಿಲ್ಲ. ವಿಷುಯಲ್ ಸ್ಟುಡಿಯೋ ಜೊತೆ ಬರುವ ಫ್ರೇಮ್‌ವರ್ಕ್ ಎಂಎಸ್‌ಬಿಲ್ಡ್‌ನಿಂದಲೇ ಬಿಲ್ಡ್ ಮಾಡಬೇಕು. ಹಳೆಯ ಡಾಟ್ ಲೈಸೆನ್ಸಸ್ ರಿಸೋರ್ಸ್ ಬೈನರಿಫಾರ್ಮ್ಯಾಟರ್ ರೂಪದಲ್ಲಿರುತ್ತದೆ, ಆ ಫಾರ್ಮ್ಯಾಟರ್ 2024ರ ಡಾಟ್‌ನೆಟ್ 9ರಲ್ಲಿ ಎಕ್ಸೆಪ್ಶನ್ ಎಸೆಯುವುದು ಬಿಟ್ಟು ಬೇರೇನೂ ಮಾಡುವುದಿಲ್ಲ. ಹೊಸದಾಗಿ ಶುರುಮಾಡುವವರು ಲಿಕ್ಸ್ ದಾರಿ ಬಿಟ್ಟು, ಮೇನ್ ಮೆಥಡ್‌ನಲ್ಲಿ ಫಾರ್ಮ್ ತೆರೆಯುವ ಮುನ್ನ ಕೀಯನ್ನು ಒಂದು ಸ್ಟ್ಯಾಟಿಕ್ ಮೆಥಡ್‌ಗೆ ಕೊಡುವ ಕ್ರಮ ಇಟ್ಟುಕೊಳ್ಳುವುದು ಒಳ್ಳೆಯದು. ಆಗಲೂ ಕನ್‌ಸ್ಟ್ರಕ್ಟರಿನಲ್ಲಿ ಟೈಪ್‌ಆಫ್ ತೂಕಗ್ರಿಡ್ ಎಂದು ಕೇಳುವ ಆ ಸಾಲು ಹಾಗೇ ಉಳಿಯಲಿ, ಪ್ರೊವೈಡರ್ ಒಳಗೆ ಕೀ ಬರುವ ಜಾಗ ಮಾತ್ರ ಬದಲಾಗುತ್ತದೆ.

ಮಾರುವ ಮುಂಚೆ ನಾಲ್ಕು ಪರೀಕ್ಷೆ ಮಾಡಿ, ಲೈಸೆನ್ಸ್ ಫೈಲ್ ಎಂದೂ ಇಟ್ಟಿರದ ಕಂಪ್ಯೂಟರಿನಲ್ಲಿ. ಕೀ ಇಲ್ಲದೆ ನೇರ ತೂಕಗ್ರಿಡ್ ಸೃಷ್ಟಿಸಿ, ಬೀಳಬೇಕು. ಕೀ ಇಲ್ಲದೆ ಒಂದು ಸಾಲಿನ ಖಾಲಿ ಮಗ ಕ್ಲಾಸ್ ಸೃಷ್ಟಿಸಿ, ಅದೂ ಬೀಳಬೇಕು. ಅದು ಬೀಳದಿದ್ದರೆ ಎಲ್ಲೋ ಗೆಟ್‌ಟೈಪ್ ಉಳಿದಿದೆ. ಕೀ ಇರುವ ಇಎಕ್ಸ್‌ಇಯಿಂದ ಬೇರೆ ಡಿಎಲ್‌ಎಲ್‌ನ ಜೋಳಗ್ರಿಡ್ ತೆರೆಯಿರಿ, ಓಡಬೇಕು. ಕೊನೆಗೆ ಒಂದು ಬಟನ್ ಇಟ್ಟು ಜೋಳಗ್ರಿಡ್ ಇರುವ ಫಾರ್ಮನ್ನು ಐನೂರು ಸಲ ತೆರೆದು ಮುಚ್ಚಿ, ನಿಮ್ಮ ಲೈಸೆನ್ಸ್ ಕ್ಲಾಸಿನ ಡಿಸ್ಪೋಸ್ ಎಷ್ಟು ಸಲ ಓಡಿತು ಎಂದು ಎಣಿಸಿ. ಐನೂರಕ್ಕಿಂತ ಕಡಿಮೆ ಬಂದರೆ ಜೋಳಗ್ರಿಡ್ ಬರೆದವರು ಡಿಸ್ಪೋಸ್ ಓವರ್‌ರೈಡ್ ಮಾಡಿ ಬೇಸ್ ಡಾಟ್ ಡಿಸ್ಪೋಸ್ ಕರೆಯುವುದನ್ನು ಬಿಟ್ಟಿರಬಹುದು.